ಗ್ವಾಟೆಮಾಲಾದ ಮಾಯಾ ಹಳ್ಳಿಗಳಲ್ಲಿ ನಡೆದ ನರಮೇಧ

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಭೂಸುಧಾರಣೆಗೆ ಕೈಹಾಕಿದ್ದ ಚುನಾಯಿತ ಸರ್ಕಾರವನ್ನು 1954ರಲ್ಲಿ ಅಮೆರಿಕದ ಬೆಂಬಲದಿಂದ ಉರುಳಿಸಿದ ಮೇಲೆ ಬೆಳೆದ ಅಸಮಾಧಾನವು 1960ರಲ್ಲಿ ಅಂತರ್ಯುದ್ಧವಾಗಿ ಸ್ಫೋಟಿಸಿ, 1996ರ ಶಾಂತಿ ಒಪ್ಪಂದದ ಹೊತ್ತಿಗೆ ಸುಮಾರು 2 ಲಕ್ಷ ಜನರನ್ನು ಬಲಿತೆಗೆದುಕೊಂಡಿತ್ತು. ಸತ್ತವರಲ್ಲಿ ಬಹುಪಾಲು ಜನರು ಯುದ್ಧದಲ್ಲಿ ಆಯುಧ ಹಿಡಿದವರಲ್ಲ. ಅವರು ಬೆಟ್ಟದ ಹಳ್ಳಿಗಳಲ್ಲಿ ಮೆಕ್ಕೆಜೋಳ ಬೆಳೆದು ಬದುಕುತ್ತಿದ್ದ ಮಾಯಾ ಮೂಲನಿವಾಸಿಗಳು ಎಂಬುದನ್ನು ಮರೆಯಲಾಗದು.

1982ರ ಮಾರ್ಚ್‌ನಲ್ಲಿ ಅಧಿಕಾರ ಕಸಿದುಕೊಂಡ ಜನರಲ್ ರಿಯೋಸ್ ಮಾಂಟ್‌ನ ಆಳ್ವಿಕೆಯಲ್ಲಿ, ಗೆರಿಲ್ಲಾಗಳಿಗೆ, ಅಂದರೆ ಮರೆಯಲ್ಲಿದ್ದು ದಾಳಿ ಮಾಡುವ ಬಂಡುಕೋರರಿಗೆ, ಅನ್ನ ಮತ್ತು ಆಶ್ರಯ ಸಿಗದಂತೆ ಮಾಡಲು ಊರು, ಪೈರು, ಜಾನುವಾರುಗಳನ್ನೆಲ್ಲ ನಾಶಪಡಿಸುವ ‘ಸುಟ್ಟ ನೆಲ’ದ ನೀತಿಯು ಅತ್ಯಂತ ಕ್ರೂರ ರೂಪ ತಾಳಿತು. ಅದೇ ವರ್ಷದ ಜುಲೈ 18ರಂದು, ಭಾನುವಾರದ ಸಂತೆಯ ದಿನ, ಪ್ಲಾನ್ ದೆ ಸಾಂಚೆಸ್ ಎಂಬ ಹಳ್ಳಿಯಲ್ಲಿ ಸೈನಿಕರು ಮತ್ತು ಅವರ ಸಹಚರರು ಹೆಂಗಸರು, ಮಕ್ಕಳು ಸೇರಿದಂತೆ 250ಕ್ಕೂ ಹೆಚ್ಚು ಜನರನ್ನು ಕೊಂದರು.

ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗವು 1999ರಲ್ಲಿ ಸರ್ಕಾರಿ ಪಡೆಗಳು ನಡೆಸಿದ 626 ಹತ್ಯಾಕಾಂಡಗಳನ್ನು ದಾಖಲಿಸಿತು. ಬದುಕುಳಿದ ಮಹಿಳೆಯರು ಧೈರ್ಯದಿಂದ ನುಡಿದ ಸಾಕ್ಷ್ಯವನ್ನೂ ಆಧರಿಸಿ 2013ರಲ್ಲಿ ರಿಯೋಸ್ ಮಾಂಟ್‌ಗೆ ವಿಧಿಸಲಾದ 80 ವರ್ಷಗಳ ಸೆರೆವಾಸವನ್ನು ಸಾಂವಿಧಾನಿಕ ನ್ಯಾಯಾಲಯವು ಹತ್ತೇ ದಿನಗಳಲ್ಲಿ ರದ್ದುಪಡಿಸಿತು; ಮರುವಿಚಾರಣೆ ಮುಗಿಯುವ ಮೊದಲೇ, 2018ರಲ್ಲಿ, ಆತ ತೀರಿಕೊಂಡ.