ಕಿಲ್ನ್ ಆರುವ ಮುನ್ನ ಹಾಕುವ ಲೆಕ್ಕ

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಹಗಲಿರುಳು ತಿರುಗುವ ಉದ್ದನೆಯ ಉಕ್ಕಿನ ಕೊಳವೆಗಳಿವೆ. ಸುಣ್ಣಕಲ್ಲಿನ ಪುಡಿ ಬೆಂದು ಕ್ಲಿಂಕರ್ ಆಗುವುದು ಈ ಕಿಲ್ನ್ ಒಳಗೆ. ಅಲ್ಲಿನ ಜ್ವಾಲೆ 2000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು, ಕ್ಲಿಂಕರ್ 1450ರಷ್ಟು ಕಾದಿರುತ್ತದೆ. ಹೊರಗಿನ ಉಕ್ಕಿನ ಶೆಲ್ಲೋ, 400 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ನಡುವೆ ಇರುವುದು ಒಂದು ಗೇಣು ದಪ್ಪದ ಇಟ್ಟಿಗೆ ಪದರ ಮಾತ್ರ. ಅದು ಸವೆದಾಗ ಕಿಲ್ನ್ ನಿಲ್ಲಿಸಿ, ಹಳೆಯದನ್ನು ಒಡೆದು ತೆಗೆದು, ಹೊಸದನ್ನು ಕಟ್ಟುವುದು ರಿಫ್ರ್ಯಾಕ್ಟರಿ, ಅಂದರೆ ಶಾಖ ತಡೆಯುವ ಪದರದ, ಗುತ್ತಿಗೆದಾರರ ಕಸುಬು. ಕಿಲ್ನ್ ನಿಂತಷ್ಟು ಹೊತ್ತೂ ಕಾರ್ಖಾನೆಗೆ ನಷ್ಟ. ಆದ್ದರಿಂದ ಈ ಕಸುಬಿನ ಅರ್ಧ ಜಾಣ್ಮೆ ಕರಣೆ ಹಿಡಿದ ಕೈಯಲ್ಲಿದ್ದರೆ, ಇನ್ನರ್ಧ ತಿಂಗಳುಗಳ ಮುಂಚೆಯೇ ಅಂದಾಜು ಪಟ್ಟಿ ಬರೆಯುವವನ ತಲೆಯಲ್ಲಿದೆ.

ಆ ಪಟ್ಟಿ ಶುರುವಾಗುವುದು ಸರಳ ಗಣಿತದಿಂದ. 4 ಮೀಟರ್ ವ್ಯಾಸದ ಕಿಲ್ನ್‌ನಲ್ಲಿ 10 ಮೀಟರ್ ಉದ್ದಕ್ಕೆ ಇಟ್ಟಿಗೆ ಬದಲಿಸಬೇಕು ಎಂದಿಟ್ಟುಕೊಳ್ಳಿ. ಐಎಸ್‌ಒ ಅಳತೆಯ ಇಟ್ಟಿಗೆಯ ಶೆಲ್ ಕಡೆಯ ಅಗಲ 103 ಮಿ.ಮೀ. ಅಂದರೆ ಒಂದು ಸುತ್ತಿಗೆ 122 ಇಟ್ಟಿಗೆ. ಕಿಲ್ನ್ ಉದ್ದಕ್ಕೆ ಒಂದು ಇಟ್ಟಿಗೆ 198 ಮಿ.ಮೀ. ಹಿಡಿಯುವುದರಿಂದ 10 ಮೀಟರಿಗೆ ಸುಮಾರು 50 ಸುತ್ತು. ಒಟ್ಟು 6,100 ಇಟ್ಟಿಗೆ. 200 ಮಿ.ಮೀ. ದಪ್ಪದ ಮ್ಯಾಗ್ನೀಷಿಯಾ-ಸ್ಪಿನೆಲ್ ಇಟ್ಟಿಗೆಯಾದರೆ ತೂಕ ಸುಮಾರು 70 ಟನ್. ಸಾಗಣೆಯಲ್ಲಿ ಒಡೆಯುವುದಕ್ಕೆ, ಸುತ್ತು ಮುಚ್ಚುವ ಕೀ ಇಟ್ಟಿಗೆಗಳಿಗೆ ಇನ್ನಷ್ಟು ಸೇರಿಸಬೇಕು.

ಇಷ್ಟನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಪಳಗಿದವನು ಇಲ್ಲಿಂದ ಮುಂದೆ ಯೋಚಿಸುತ್ತಾನೆ. ಮೊದಲ ಪ್ರಶ್ನೆ, ಇಟ್ಟಿಗೆ ಒಳಗೆ ತಲುಪುವುದು ಹೇಗೆ ಎಂಬುದು. ಗಂಟೆಗೆ ಎರಡು ಸುತ್ತು ಕಟ್ಟುವ ಗ್ಯಾಂಗ್ ಇದ್ದರೆ 25 ಗಂಟೆಯಲ್ಲಿ ಕೆಲಸ ಮುಗಿಯಬೇಕು. ಆದರೆ ಒಂದು ಸುತ್ತೆಂದರೆ 1,400 ಕಿಲೋ. ಪ್ರತಿ ಅರ್ಧ ಗಂಟೆಗೆ ಅಷ್ಟು ಭಾರವನ್ನು ಮೇಲಕ್ಕೆತ್ತಿ, ಕಿಲ್ನ್ ಬಾಯಿಯಿಂದ ಒಳಗೆ ಸಾಗಿಸಿ, ಮೇಸ್ತ್ರಿಯ ಕೈಗೆಟಕುವಂತೆ ಜೋಡಿಸಬೇಕು. ಲಿಫ್ಟ್ ಒಂದೇ ಇದ್ದು, ಅದರಲ್ಲೇ ಒಡೆದ ಇಟ್ಟಿಗೆಯೂ ಇಳಿಯಬೇಕಾದರೆ? ಮೇಸ್ತ್ರಿ ಎಷ್ಟು ಚುರುಕಾಗಿದ್ದರೇನು, ಕೈಕಟ್ಟಿ ಕೂರಬೇಕು. ಕೆಲಸದ ವೇಗ ನಿರ್ಧಾರವಾಗುವುದು ಇಟ್ಟಿಗೆ ಬರುವ ದಾರಿಯಲ್ಲಿ. ಅನುಭವಿಗಳು ಟೆಂಡರ್ ತುಂಬುವ ಮುನ್ನ ಜಾಗ ನೋಡಲು ಹೋದಾಗ ಕಿಲ್ನ್‌ಗಿಂತ ಲಿಫ್ಟು, ಮೆಟ್ಟಿಲು, ಗೋದಾಮುಗಳನ್ನು ಹೆಚ್ಚು ಹೊತ್ತು ನೋಡುವುದು ಇದಕ್ಕೇ. ಗೋದಾಮಿನ ಸೂರು ಸೋರುವಂತಿಲ್ಲ. ತೇವ ತಗುಲಿದ ಮ್ಯಾಗ್ನೀಷಿಯಾ ಇಟ್ಟಿಗೆ ನೀರು ಹೀರಿ ಉಬ್ಬಿ ಬಿರಿಯುತ್ತದೆ.

ಎರಡನೆಯ ಪ್ರಶ್ನೆ, ಯಾವ ಕೆಲಸದ ಜೊತೆ ಯಾವುದು ನಡೆಯಬಹುದು ಎಂಬುದು. ಕಿಲ್ನ್ ಹಿಂಬದಿಯಲ್ಲಿ, ಸುಣ್ಣಕಲ್ಲಿನ ಪುಡಿಯನ್ನು ಮೊದಲೇ ಕಾಯಿಸುವ ಪ್ರಿಹೀಟರ್ ಗೋಪುರ ಇರುತ್ತದೆ. ಅದರ ಸೈಕ್ಲೋನ್‌ಗಳಲ್ಲಿ ಕಟ್ಟಿಕೊಂಡ ಬಿಸಿ ಪುಡಿ ಕಳಚಿದರೆ ಸೀದಾ ಕಿಲ್ನ್ ಒಳಕ್ಕೆ ಸುರಿಯುತ್ತದೆ. ಹಾಗಾಗಿ ಮೇಲೆ ಸೈಕ್ಲೋನ್ ಶುಚಿ ಮಾಡುವಾಗ ಕೆಳಗೆ ಒಬ್ಬನೂ ಇರಕೂಡದು. ವೇಳಾಪಟ್ಟಿಯಲ್ಲಿ ಇವೆರಡೂ ಒಂದೇ ಪಾಳಿಗೆ ಬಿದ್ದರೆ ಅದು ಬರೀ ತಪ್ಪು ಲೆಕ್ಕವಾಗಿ ಉಳಿಯುವುದಿಲ್ಲ, ಜೀವ ಹೋಗುತ್ತದೆ. ಕಿಲ್ನ್ ಮೋಟಾರಿಗೆ ಬೀಗ, ಒಳಗಿನ ಗಾಳಿಯ ಪರೀಕ್ಷೆ, 24 ವೋಲ್ಟ್ ದೀಪ, ಪರ್ಮಿಟ್‌ಗೆ ಸಹಿ, ಇವೆಲ್ಲಕ್ಕೂ ಹಿಡಿಯುವ ಹೊತ್ತನ್ನು ಒಳ್ಳೆಯ ಯೋಜಕ ಮೊದಲೇ ಬರೆದಿರುತ್ತಾನೆ.

ಮೂರನೆಯದು ಕಾಣದ ಕೆಲಸ. ಎಷ್ಟು ಕೆಟ್ಟಿದೆ ಎಂಬುದು ಒಡೆದ ಮೇಲಷ್ಟೇ ಖಚಿತ. ಅದಕ್ಕೆ ಮುಂಚೆ ಸಿಗುವ ಸುಳಿವು ಎರಡು: ಶೆಲ್ ಎಲ್ಲಿ ಹೆಚ್ಚು ಕಾಯುತ್ತಿದೆ ಎಂದು ತೋರಿಸುವ ಸ್ಕ್ಯಾನರ್, ಹಿಂದಿನ ಶಟ್‌ಡೌನ್‌ನಲ್ಲಿ ಬರೆದಿಟ್ಟ ದಪ್ಪದ ಅಳತೆಗಳು. ಇವನ್ನು ಓದಬಲ್ಲವನು ಖಚಿತ ಕೆಲಸಕ್ಕೆ ಒಂದು ಮೊತ್ತ ಹೇಳಿ, ಹೆಚ್ಚುವರಿ ಕೆಲಸಕ್ಕೆ ಚದರ ಮೀಟರಿಗೋ ಟನ್ನಿಗೋ ಬೇರೆ ದರ ಬರೆದಿಡುತ್ತಾನೆ. ಆಮೇಲೆ ಜಗಳಕ್ಕೆ ಆಸ್ಪದವಿಲ್ಲ.

ಚಿಕ್ಕದೊಂದು ಸಂಗತಿ ನೋಡಿ. ಇಟ್ಟಿಗೆ ಕೂರದ ಕಡೆ ಸ್ಟೇನ್‌ಲೆಸ್ ಸ್ಟೀಲ್ ಆಂಕರ್ ಬೆಸೆದು, ಮೇಲೆ ಕಾಂಕ್ರೀಟಿನಂಥ ಕ್ಯಾಸ್ಟಬಲ್ ಸುರಿಯುತ್ತಾರೆ. ಕಾದಾಗ ಸ್ಟೀಲ್ ಹೆಚ್ಚು ಹಿಗ್ಗುತ್ತದೆ, ಕ್ಯಾಸ್ಟಬಲ್ ಕಡಿಮೆ. ಅದಕ್ಕೆ ಪ್ರತಿ ಆಂಕರಿನ ತುದಿಗೂ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ, ಇಲ್ಲವೇ ಡಾಂಬರು ಬಳಿಯುತ್ತಾರೆ. ಶಾಖಕ್ಕೆ ಅದು ಉರಿದುಹೋಗಿ, ಸ್ಟೀಲ್ ಹಿಗ್ಗಲು ಜಾಗ ಉಳಿಯುತ್ತದೆ. ಸಾವಿರಾರು ಆಂಕರ್‌ಗಳಿರುವಲ್ಲಿ ಈ ಟೋಪಿ ಹಾಕುವುದಕ್ಕೂ ಆಳು ಬೇಕು, ಗಂಟೆ ಬೇಕು. ಪಟ್ಟಿಯಲ್ಲಿ ಆ ಸಾಲು ಇದೆಯೇ ಎಂದು ನೋಡಿದರೆ ಸಾಕು, ಬರೆದವನು ಕೆಲಸ ಕಂಡವನೋ ಅಲ್ಲವೋ ತಿಳಿಯುತ್ತದೆ.

ಕೊನೆಗೆ ಕಾಯಿಸುವ ಹೊತ್ತು. ಹೊಸ ಕ್ಯಾಸ್ಟಬಲ್ ಒಳಗಿನ ನೀರು ನಿಧಾನ ಆರಬೇಕು. ಅವಸರದಲ್ಲಿ ಬೆಂಕಿ ಏರಿಸಿದರೆ ಆವಿ ದಾರಿ ಸಿಗದೆ ಪದರವನ್ನೇ ಸಿಡಿಸುತ್ತದೆ. ಕೆಲಸ ತಡವಾದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಈ ಗಂಟೆಗಳ ಮೇಲೆ. ಅವನ್ನು ಬಿಟ್ಟುಕೊಡದೆ, ತಡಕ್ಕೆ ಬೇಕಾದ ಸಡಿಲವನ್ನು ಮೊದಲೇ ಬೇರೆಡೆ ಇಟ್ಟುಕೊಂಡ ಯೋಜನೆಯೇ ಒಳ್ಳೆಯ ಯೋಜನೆ. ಅತಿ ಕಡಿಮೆ ದರ ಬರೆದವನಿಗೇ ಕೆಲಸ ಕೊಡುವ ಮುನ್ನ ಕಾರ್ಖಾನೆಯವರು ಈ ಗಂಟೆಗಳನ್ನು ಅವನು ಎಲ್ಲಿಟ್ಟಿದ್ದಾನೆ ಎಂದು ಕೇಳಬೇಕು.