ಒಂಬತ್ತನೇ ಬೆಳಗಿನ ಹೂವು

ಸಿಂಗಪುರದಲ್ಲಿ ಸೂರ್ಯ ವರ್ಷವಿಡೀ ಬೆಳಗಿನ ಏಳರ ಆಸುಪಾಸಿನಲ್ಲಿ ಹುಟ್ಟಿ, ಸಂಜೆ ಏಳರ ಆಸುಪಾಸಿನಲ್ಲಿ ಮುಳುಗುತ್ತಾನೆ. ಭೂಮಧ್ಯರೇಖೆಗೆ ಒಂದೇ ಡಿಗ್ರಿಯಷ್ಟು ಉತ್ತರಕ್ಕಿರುವ ಈ ದ್ವೀಪದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹತ್ತು ನಿಮಿಷದ ವ್ಯತ್ಯಾಸವೂ ಇಲ್ಲ. ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ. ಮಾಗಿಯ ಚಳಿಯಿಲ್ಲ, ಹೊಂಗೆ ಚಿಗುರಿ ಯುಗಾದಿ ಬಂತೆಂದು ಹೇಳುವುದೂ ಇಲ್ಲ. ಕೆಲಸಕ್ಕೆಂದು ಇಲ್ಲಿ ಬಂದಿಳಿದ ನಮ್ಮವರು ಮೊದಲ ವರ್ಷ ಬೇಸರದಿಂದ ಹೇಳುವ ಮಾತು ಒಂದೇ: ಇಲ್ಲಿ ಕಾಲ ಸರಿದದ್ದೇ ಗೊತ್ತಾಗುವುದಿಲ್ಲ.

ಗೊತ್ತಾಗುತ್ತದೆ. ಆದರೆ ಊರಿನಿಂದ ತಂದ ಪಂಚಾಂಗದಿಂದಲ್ಲ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದು ಹೊಡೆಯುವ ಹೊತ್ತಿಗೆ ಇಲ್ಲಿ ಎಷ್ಟೋ ದಿನ ಬಿಸಿಲು ಕಾಯುತ್ತಿರುತ್ತದೆ. ನಮ್ಮಲ್ಲಿ ಧನುರ್ಮಾಸದ ಇಬ್ಬನಿ ಬೀಳುವಾಗ ಈಶಾನ್ಯ ಮಾರುತ ಇಲ್ಲಿ ದಿನಗಟ್ಟಲೆ ಸುರಿಯುತ್ತದೆ. ವರ್ಷಕ್ಕೆ ಸುಮಾರು 2,100 ಮಿಲಿಮೀಟರ್ ಮಳೆ. ಬೆಂಗಳೂರಿಗೆ ಬೀಳುವುದು ಇದರ ಅರ್ಧಕ್ಕೂ ಕಡಿಮೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಇನ್ನೊಂದು ಬಗೆಯ ಮಳೆಯಿದೆ. ಸುಮಾತ್ರಾ ದ್ವೀಪದ ಮೇಲೋ ಮಲಕ್ಕಾ ಜಲಸಂಧಿಯಲ್ಲೋ ರಾತ್ರಿ ಹುಟ್ಟಿದ ಗುಡುಗುಮೋಡಗಳು ಸಾಲುಗಟ್ಟಿ ಪೂರ್ವಕ್ಕೆ ಸಾಗಿ, ನಸುಕಿನಲ್ಲೋ ಬೆಳಗಿನಲ್ಲೋ ಗಾಳಿಸಮೇತ ದ್ವೀಪಕ್ಕೆ ಅಪ್ಪಳಿಸುತ್ತವೆ. ಇವಕ್ಕೆ ಇಲ್ಲಿನವರು ಸುಮಾತ್ರಾಸ್ ಎನ್ನುತ್ತಾರೆ. ಒಂದೆರಡು ಗಂಟೆಯಲ್ಲಿ ಮಳೆ ದಾಟಿಹೋಗುತ್ತದೆ. ಅದು ಬಿಟ್ಟುಹೋಗುವ ತಂಪು ಮಾತ್ರ ಮರದ ಮೇಲೊಂದು ಕೆಲಸ ಶುರುಮಾಡಿರುತ್ತದೆ.

ಆ ಮರವನ್ನು ಮೊದಲು ನೋಡಬೇಕು. ನಮ್ಮ ವಸತಿ ಕಟ್ಟಡದ ಮುಂದಿನ ರಸ್ತೆಯ ಎರಡೂ ಬದಿ ಇರುವುದು ಮಳೆಮರಗಳು. ಕಬ್ಬನ್ ಪಾರ್ಕಿನಲ್ಲಿ ಕಾಣುವುದೂ ಇದೇ ಜಾತಿ. ಎರಡೂ ಊರಿಗೆ ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಕೊಡೆಯಂತೆ ಹರಡುವ ನೆತ್ತಿ, ಸಂಜೆಯಾದೊಡನೆ ಮಡಚಿಕೊಳ್ಳುವ ಎಲೆ, ಗುಲಾಬಿ ಕುಚ್ಚಿನ ಹೂ, ಎಲ್ಲವೂ ಪರಿಚಿತ. ವ್ಯತ್ಯಾಸ ಇರುವುದು ಕೊಂಬೆಯ ಮೇಲೆ. ಬೆಂಗಳೂರಿನ ಒಣಹವೆಯಲ್ಲಿ ಬಹುಮಟ್ಟಿಗೆ ಬೋಳಾಗಿರುವ ಕೊಂಬೆಗಳು ಇಲ್ಲಿ ಜರಿಗಿಡಗಳ ಭಾರಕ್ಕೆ ಬಾಗಿವೆ. ತೊಟ್ಟಿಯಾಕಾರದ ಹಕ್ಕಿಗೂಡು ಜರಿ ಉದುರಿದ ಎಲೆಗಳನ್ನು ಹಿಡಿದಿಟ್ಟುಕೊಂಡು ಅಲ್ಲೇ ಗೊಬ್ಬರ ಮಾಡಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಹಸಿರು ಕಡ್ಡಿಗಳ ಕಂತೆಯಂತೆ, ಗಮನ ಸೆಳೆಯದೆ ಕೂತಿರುವುದು ಪಾರಿವಾಳ ಆರ್ಕಿಡ್.

ಮಲೆನಾಡಿನ ಸೀತಾಳೆದಂಡೆ ಕಂಡವರಿಗೆ ಈ ಆರ್ಕಿಡ್ ತಿಂಗಳುಗಟ್ಟಲೆ ನಿರಾಸೆಯನ್ನೇ ಉಂಟುಮಾಡುತ್ತದೆ. ಮೊಗ್ಗುಗಳು ಮೂಡುತ್ತವೆ, ಸ್ವಲ್ಪ ಬೆಳೆಯುತ್ತವೆ, ಹಾಗೇ ನಿಂತುಬಿಡುತ್ತವೆ. ಅವು ಕಾಯುತ್ತಿರುವುದು ಒಂದು ದಿಢೀರ್ ತಂಪಿಗೆ. ಜೋರು ಮಳೆ ಬಂದು ಉಷ್ಣಾಂಶ ಒಮ್ಮೆಲೇ ಐದಾರು ಡಿಗ್ರಿ ಇಳಿದರೆ ನಿಂತ ಬೆಳವಣಿಗೆ ಮತ್ತೆ ಶುರುವಾಗುತ್ತದೆ. ಸರಿಯಾಗಿ ಒಂಬತ್ತನೇ ದಿನ ಬೆಳಗ್ಗೆ, ಅದೇ ಮಳೆಯಲ್ಲಿ ನೆಂದ ಬಡಾವಣೆಯ ಮರಗಳ ಮೇಲಿನ ಗಿಡಗಳೆಲ್ಲ ಒಟ್ಟಿಗೆ ಅರಳುತ್ತವೆ. ಬಿಳಿ ಎಸಳು, ನಡುವೆ ಹಳದಿ ಛಾಯೆ, ನವಿರಾದ ಪರಿಮಳ. ಹೂವಿನ ಆಯುಸ್ಸು ಒಂದೇ ಹಗಲು. ಸಂಜೆಗೆ ಸೊರಗಿ, ಮರುದಿನ ಜೋತುಬಿದ್ದಿರುತ್ತದೆ.

ಒಟ್ಟಿಗೆ ಅರಳುವುದರಲ್ಲಿ ಅರ್ಥವಿದೆ. ಈ ಗಿಡಕ್ಕೆ ತನ್ನದೇ ಪರಾಗದಿಂದ ಕಾಯಿ ಕಟ್ಟಲಾಗದು. ಬೇರೆ ಗಿಡದ ಪರಾಗ ಬೇಕು. ಒಂದೇ ದಿನ ಬಾಳುವ ಹೂವು ತನ್ನಿಷ್ಟದ ದಿನ ಅರಳಿದರೆ ಜೊತೆ ಸಿಗುವುದಿಲ್ಲ. ಒಂದೊಂದು ಗಿಡ ಒಂದೊಂದು ಮರದ ಮೇಲಿದ್ದರೂ ಎಲ್ಲಕ್ಕೂ ತಾಕುವ ಸಂಕೇತವೆಂದರೆ ಮಳೆಯ ತಂಪು. ಆ ಬೆಳಗ್ಗೆ ಹೂವಿಗೆ ಬರುವ ಜೇನುನೊಣ ಯಾವುದೆಂದು ಹತ್ತಿರದಿಂದ ನೋಡಿದರೆ ಕನ್ನಡಿಗರಿಗೆ ಸಂತೋಷವಾಗುತ್ತದೆ. ಅದು ತುಡುವೆ. ಕೊಡಗಿನ ಪೆಟ್ಟಿಗೆಗಳಲ್ಲಿ ಸಾಕುವ ಅದೇ ಜಾತಿಯ ಜೇನು ಇಲ್ಲಿ ಕಾಡಿನದೂ ಹೌದು, ನಗರದ್ದೂ ಹೌದು.

ಇದು ತಿಳಿದ ಮೇಲೆ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜೋರು ಮಳೆಯ ದಿನಕ್ಕೆ ಗುರುತು ಹಾಕಿ ಒಂಬತ್ತು ಎಣಿಸತೊಡಗಿದೆ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ನೋಡುವುದಿರುತ್ತದೆ. ಅದಕ್ಕೆಂದು ಎಲ್ಲಿಗೂ ಹೋಗಬೇಕಿಲ್ಲ. ಮುಂದಿನ ಮಂಗಳವಾರ ಯಾವ ಮರದಲ್ಲಿ ಏನಾಗುತ್ತದೆಂದು ಮೊದಲೇ ಹೇಳಬಲ್ಲ ಬೀದಿ ನಮಗೆ ಅಪರಿಚಿತವಾಗಿ ಉಳಿಯುವುದಿಲ್ಲ. ನೆಲೆಯೂರುವುದು ನನ್ನ ಮಟ್ಟಿಗೆ ಇದೇ: ಬಿಟ್ಟುಬಂದ ಊರಿನ ಕಾಲವನ್ನು ನೆನೆಯುವುದರ ಜೊತೆಗೆ ಇರುವ ಊರಿನ ಕಾಲಕ್ಕೂ ಕಾಯಲು ಕಲಿಯುವುದು.

ಹಕ್ಕಿಗಳೂ ಕಾಲ ಹೇಳುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಉತ್ತರದ ನೆಲಗಳಿಂದ ನೀಲಿಬಾಲದ ಕಳ್ಳಿಪೀರಗಳು ಬಂದು, ಬಯಲಿನ ಒಣಕೊಂಬೆಗಳ ಮೇಲೆ ಕೂತು ದುಂಬಿ, ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿಯುತ್ತವೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ದಂಡೆಯ ಮಣ್ಣಿನಲ್ಲಿ ಬಿಲ ಕೊರೆದು ಮರಿಮಾಡುವುದು ಇದೇ ಜಾತಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಇವು ಹೊರಡುತ್ತವೆ. ಅಷ್ಟರಲ್ಲೇ ಇಲ್ಲಿ ಗೂಡುಮಾಡುವ ನೀಲಿಕತ್ತಿನ ಕಳ್ಳಿಪೀರಗಳು ಅದೇ ಕೊಂಬೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೂತದ್ದು ಯಾವುದೆಂದು ಗುರುತಿಸಿದರೆ ವರ್ಷದ ಯಾವ ಭಾಗದಲ್ಲಿದ್ದೇವೆಂದು ಅಂದಾಜು ಸಿಗುತ್ತದೆ.

ನಸುಕಿಗೆ ಮುಂಚೆ ಕೂಗುವ ಕೋಗಿಲೆ ಈ ಊರಿಗೆ ಬಂದು ನೆಲೆಸಿದ್ದು ಈಚೆಗೆ. 1980ರ ದಶಕದವರೆಗೆ ಅದು ವಲಸೆಯ ಕಾಲದ ಅತಿಥಿ ಮಾತ್ರ. ಅದಕ್ಕೆ ಮುಂಚೆ ಕಾಗೆ ಬಂದಿತ್ತು. ಕಾಫಿ ತೋಟದ ಕಂಬಳಿಹುಳ ತಿನ್ನಲೆಂದು 1890ರ ದಶಕದಲ್ಲಿ ಬ್ರಿಟಿಷರು ಸಿಲೋನಿನಿಂದ ಮಲಯಾಕ್ಕೆ ತಂದ ಊರಕಾಗೆ 1940ರ ದಶಕದಲ್ಲಿ ಸಿಂಗಪುರ ತಲುಪಿತು. ಮೊಟ್ಟೆಯಿಡಲು ಕಾಗೆಗೂಡು ಸಿಕ್ಕ ಮೇಲೆ ಕೋಗಿಲೆಯೂ ಉಳಿಯಿತು. ತಿಂಡಿ ಅಂಗಡಿಗಳ ಸಮುಚ್ಚಯವಾದ ಹಾಕರ್ ಸೆಂಟರಿನ ಮೇಜುಗಳ ನಡುವೆ ಓಡಾಡುವ ಬೂದುಗಪ್ಪು ಮೈನಾ ಜಾವಾದ್ದು. ಪಂಜರದ ವ್ಯಾಪಾರದಿಂದಾಗಿ ತವರಿನಲ್ಲಿ ವಿರಳವಾಗಿರುವ ಈ ಹಕ್ಕಿ ಇಲ್ಲಿ ಅತಿ ಸಾಮಾನ್ಯ. ಕಣ್ಣಿನ ಸುತ್ತ ಹಳದಿ ಚರ್ಮವಿರುವ ನಮ್ಮ ಗೊರವಂಕವೂ ಈ ದ್ವೀಪದಲ್ಲಿದೆ, ಆದರೆ ಜಾವಾ ಮೈನಾದ ಎದುರು ಬಹಳ ಹಿಂದೆ ಸರಿದಿದೆ.

ಬಂದು ನೆಲೆಸುವವರ ಭಾರ ಇದ್ದವರ ಮೇಲೆ ಬೀಳುತ್ತದೆ ಎಂಬುದನ್ನು ಈ ಹಕ್ಕಿಗಳು ಕಣ್ಣೆದುರು ತೋರಿಸುತ್ತವೆ. ಹೊಸದಾಗಿ ಬಂದ ನಮಗೂ ಅದರಲ್ಲಿ ಪಾಲಿದೆ. ಕಾಗೆಗೆ ಒಂದು ತುತ್ತು ಅನ್ನ ಇಡುವುದು ನಮ್ಮ ಮನೆಗಳ ಹಳೆಯ ರೂಢಿ. ಇಲ್ಲಿ ಕಾಡುಜೀವಿಗಳಿಗೆ ಆಹಾರ ಹಾಕುವುದನ್ನು 2020ರಲ್ಲಿ ತಿದ್ದುಪಡಿಯಾದ ಕಾಯ್ದೆ ನಿಷೇಧಿಸುತ್ತದೆ. ಹಾಕರ್ ಸೆಂಟರಿನಲ್ಲಿ ಉಂಡ ತಟ್ಟೆಯನ್ನು ನಾವೇ ಎತ್ತಿಡುವುದು 2021ರಿಂದ ಕಡ್ಡಾಯ. ಅದರ ಉದ್ದೇಶಗಳಲ್ಲಿ ಎಂಜಲಿಗೆ ಮುತ್ತುವ ಹಕ್ಕಿಗಳನ್ನು ದೂರವಿಡುವುದೂ ಒಂದು. ಇವನ್ನು ದಂಡದ ಭಯಕ್ಕೆ ಪಾಲಿಸುವುದಕ್ಕಿಂತ ಹಕ್ಕಿಗಳ ಲೆಕ್ಕಾಚಾರ ತಿಳಿದು ಪಾಲಿಸುವುದು ಒಳ್ಳೆಯದು.

ಮರಳಿ ಬಂದವರೂ ಇದ್ದಾರೆ. ಕೊಳೆತ ನದಿಗಳನ್ನು ಬಿಟ್ಟು ಮರೆಯಾಗಿದ್ದ ನೀರುನಾಯಿಗಳು 1977ರಿಂದ 1987ರವರೆಗೆ ನಡೆದ ನದಿ ಶುಚಿಕಾರ್ಯದ ನಂತರದ ವರ್ಷಗಳಲ್ಲಿ ಹಿಂದಿರುಗಿದವು. ಬಿಷಾನ್‌ನಲ್ಲಿ ಕಲ್ಲಾಂಗ್ ನದಿಯ ಕಾಂಕ್ರೀಟ್ ಕಾಲುವೆ ಒಡೆದು, ಅಂಕುಡೊಂಕಿನ ಹಸಿರು ದಂಡೆ ಕಟ್ಟಿದ ಉದ್ಯಾನ 2012ರಲ್ಲಿ ತೆರೆಯಿತು. ಅಲ್ಲಿ ನೀರುನಾಯಿ ಸಂಸಾರವೊಂದು ಬಂದು ಮರಿಮಾಡಿತು. ಕಂಪ್ಲಿಯ ಕಡೆ ತುಂಗಭದ್ರೆಯಲ್ಲಿ ನಾವು ರಕ್ಷಿಸಹೊರಟಿರುವುದೂ ಇದೇ ಜಾತಿ. ನೀರು ತಿಳಿಯಾದರೆ ಮಹಾನಗರದ ನಡುವೆಯೂ ಅವು ಬಾಳಬಲ್ಲವು ಎಂಬ ಸುದ್ದಿ ನಮ್ಮ ನದಿಗಳಿಗೂ ಬೇಕಾದದ್ದು.

ಈಗಷ್ಟೇ ಬಂದವರು ಇಷ್ಟು ಬರೆದಿಟ್ಟುಕೊಳ್ಳಿ. ಮೇ ತಿಂಗಳ ಆಸುಪಾಸಿನ ಸಂಜೆಗಳಲ್ಲಿ ಗಾಳಿ ಪರಿಮಳಿಸಿದರೆ ಹತ್ತಿರ ತೆಂಬುಸು ಮರ ಹುಡುಕಿ. ಐದು ಡಾಲರ್ ನೋಟಿನ ಹಿಂಬದಿಯಲ್ಲಿರುವುದು ಅದರದೇ ಚಿತ್ರ. ಸೆಪ್ಟೆಂಬರಿನಲ್ಲಿ ಬಯಲ ಕೊಂಬೆಗಳಲ್ಲಿ ನೀಲಿ ಬಾಲ ನೋಡಿ. ಡಿಸೆಂಬರಿಗೆ ಕೊಡೆ ಹೊರಗಿಡಿ. ಯಾವ ತಿಂಗಳಾದರೂ ಸರಿ, ನಸುಕಿನಲ್ಲಿ ಸಿಡಿಲು ಎಬ್ಬಿಸಿ ಬೆಳಗ್ಗೆ ಮೈ ಜುಮ್ಮೆಂದರೆ, ಅಂದಿನಿಂದ ಒಂಬತ್ತು ಎಣಿಸಿ.