ಹನಸೋಗೆ ಬಸದಿಯನ್ನು ಕಟ್ಟಿಸಿದ್ದು ರಾಮನೇ? ಗೆಳೆಯರ ಜೊತೆ ಒಂದು ದಿನದ ಶಾಸನ ನಡಿಗೆ

ರೋಮ್ ನಗರವನ್ನು ನಡೆದು ನೋಡುವವರೆಲ್ಲ ಪ್ಯಾಂಥಿಯಾನ್ ಎದುರು ನಿಲ್ಲುತ್ತಾರೆ. ಮೂರು ಸಲ ಕಾನ್ಸಲ್ ಆದ ಮಾರ್ಕಸ್ ಅಗ್ರಿಪ್ಪ ಇದನ್ನು ಕಟ್ಟಿಸಿದ ಅಂತ ಅದರ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿದೆ. ಅಂದರೆ ಕ್ರಿ.ಪೂ. 27ರ ಸುಮಾರು. ಆದರೆ ಈಗಿರುವ ಕಟ್ಟಡ ಕ್ರಿ.ಶ. 2ನೇ ಶತಮಾನದ್ದು, ಹೇಡ್ರಿಯನ್ ಕಾಲದಲ್ಲಿ ಮುಗಿದದ್ದು. ಇಟ್ಟಿಗೆಗಳ ಮೇಲಿನ ಮುದ್ರೆಗಳು ಈ ಗುಟ್ಟು ಹೇಳಿದವು. ಹೊಸದಾಗಿ ಕಟ್ಟಿದವರು ಹಳಬನ ಹೆಸರನ್ನೇ ಹಾಕಿದ್ದರು.

ಇಂಥದ್ದೇ ಒಂದು ಪ್ರಶ್ನೆ ನಮ್ಮ ಕೆ.ಆರ್. ನಗರದ ಕಡೆಯೂ ಇದೆ. ಸಾಲಿಗ್ರಾಮದ ಹತ್ತಿರದ ಚಿಕ್ಕಹನಸೋಗೆಯ ಬಸದಿಗಳನ್ನು ಮೊದಲು ಸ್ಥಾಪಿಸಿದವನು ದಶರಥನ ಮಗ ರಾಮ ಅಂತ ಅಲ್ಲಿನ ಶಾಸನ ಹೇಳುತ್ತದೆ.

ಇದನ್ನು ಹೇಗೆ ಓದಬೇಕು ಅನ್ನುವ ಚರ್ಚೆ ಶುರುವಾದದ್ದು ನಾವು ನಾಲ್ಕು ಜನ ಗೆಳೆಯರು ಒಂದು ಭಾನುವಾರ ಅಲ್ಲಿಗೆ ಹೋದಾಗ. ಬೆಳಿಗ್ಗೆ ಚುಂಚನಕಟ್ಟೆಯ ಕೋದಂಡರಾಮನ ಗುಡಿ ನೋಡಿದ್ದೆವು. ಅಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ. ರಾಮ ಇಲ್ಲಿಗೆ ಬಂದಿದ್ದ ಅನ್ನುವ ಕಥೆ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆಮೇಲೆ ಹನಸೋಗೆಗೆ ಹೋಗಿ, ಗಾಡಿ ನಿಲ್ಲಿಸಿ ಊರೆಲ್ಲ ನಡೆದೆವು. ಮೂರು ಗರ್ಭಗುಡಿಗಳ ತ್ರಿಕೂಟ ಬಸದಿಯ ಮುಂದೆ ಒಬ್ಬ ಗೆಳೆಯ ಕೇಳಿಯೇಬಿಟ್ಟ: "ಜೈನ ಬಸದಿಗೆ ರಾಮ ಹೆಂಗೆ ಬಂದ? ಇದು ಬರೀ ಕಟ್ಟುಕಥೆ ತಾನೆ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ರಾಮ ಜೈನರಿಗೆ ಹೊರಗಿನವನಲ್ಲ. ಜೈನ ಪರಂಪರೆಯಲ್ಲಿ ಅವನು ಬಲಭದ್ರ, ಕೊನೆಗೆ ಮೋಕ್ಷ ಪಡೆಯುವವನು. ರಾವಣನನ್ನು ಕೊಲ್ಲುವವನು ಅಲ್ಲಿ ಲಕ್ಷ್ಮಣ. ಕನ್ನಡದಲ್ಲಿ ನಾಗಚಂದ್ರ ಬರೆದ ರಾಮಚಂದ್ರಚರಿತಪುರಾಣ ಇದೇ ದಾರಿಯದು.

ಎರಡನೆಯದಕ್ಕೆ ಶಾಸನವನ್ನೇ ನೋಡಬೇಕು. ಇಲ್ಲಿನ ಶಾಸನಗಳ ಸಾರ ಇಷ್ಟು: ಪನಸೋಗೆಯಲ್ಲಿ 64 ಬಸದಿಗಳಿದ್ದವು. ರಾಮನ ನಂತರ ಶಕ, ನಳ, ವಿಕ್ರಮಾದಿತ್ಯ, ಗಂಗರು, ಚಂಗಾಳ್ವರು ಅವನ್ನು ನಡೆಸಿಕೊಂಡು ಬಂದರು. ಪನಸೋಗೆಯಿಂದ ತಲಕಾವೇರಿಯವರೆಗಿನ ಬಸದಿಗಳ ಮೇಲೆ ಪುಸ್ತಕ ಗಚ್ಛದ ಗುರುಗಳಿಗೇ ಅಧಿಕಾರ.

ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಕೊನೆಯ ರಿವಿಷನ್ ಯಾರದು ಅಂತ ಮೊದಲು ನೋಡುತ್ತೇವಲ್ಲ, ಹಾಗೆ. ಕೊನೆಯಲ್ಲಿರುವ ಚಂಗಾಳ್ವರು ನಮಗೆ ಚೆನ್ನಾಗಿ ಗೊತ್ತಿರುವ ಅರಸರು. 11ನೇ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವ ಇಲ್ಲಿ ಬಸದಿ ಮಾಡಿಸಿದ. ಗಂಗರೂ ಚರಿತ್ರೆಯವರೇ. ನಳ, ವಿಕ್ರಮಾದಿತ್ಯರ ಹೊತ್ತಿಗೆ ಕಥೆಯ ಲೋಕ. ಅದರಾಚೆಗೆ ಪುರಾಣ. ಶಾಸನ ಬರೆಸಿದವರ ಕಾಲ ನಿಲ್ಲುವುದು ಕೆಳಗಿನ ಸಾಲಿನಲ್ಲಿ. ಅವರ ಹಕ್ಕು ನಿಲ್ಲುವುದು ಮೇಲಿನ ಸಾಲಿನಲ್ಲಿ.

ಹಕ್ಕು ಅಂತ ಯಾಕೆ ಹೇಳಿದೆ? ಜಮೀನು ಕೊಳ್ಳುವಾಗ ಮೂಲಪತ್ರ ಕೇಳುತ್ತೇವೆ. ಎಷ್ಟು ಹಿಂದಿನದಾದರೆ ಅಷ್ಟು ಗಟ್ಟಿ. ಇಲ್ಲಿಯೂ ಅದೇ ಆಗಿದೆ ಅನ್ನುವುದು ನನ್ನ ಓದು. ಸುಮಾರು 1004ರಲ್ಲಿ ಇದೇ ಪನಸೋಗೆಯಲ್ಲಿ ಚೋಳರ ಸೇನಾನಿ ಪಂಚವನ್ ಮಾರಾಯ ಚಂಗಾಳ್ವರನ್ನು ಸೋಲಿಸಿದ. ಆಮೇಲೆ ಚಂಗಾಳ್ವ ಅರಸರ ಹೆಸರಿಗೇ ರಾಜೇಂದ್ರಚೋಳ ಅಂತ ಸೇರಿಕೊಂಡಿತು. ಒಡೆಯರು ಬದಲಾಗುವ ಕಾಲದಲ್ಲಿ, ಯಾವ ಒಡೆಯನೂ ಪ್ರಶ್ನಿಸಲಾಗದಷ್ಟು ಹಳೆಯ ಮೂಲಪತ್ರ ಗುರುಗಳಿಗೆ ಬೇಕಿತ್ತು. ರಾಮನಿಗಿಂತ ಹಳೆಯ ಸಾಕ್ಷಿ ಯಾರಿದ್ದಾರೆ?

ಹಾಗಾಗಿ ಈ ಸಾಲನ್ನು ಸುಳ್ಳು ಅಂತ ತಳ್ಳಿಹಾಕುವುದೂ ತಪ್ಪು, ಇತಿಹಾಸ ಅಂತ ಭಾಷಣ ಮಾಡುವುದೂ ತಪ್ಪು. ಬಸದಿಯ ವಯಸ್ಸನ್ನು ಅದು ಹೇಳುವುದಿಲ್ಲ. ಅಲ್ಲಿದ್ದವರಿಗೆ ಯಾವುದರ ಭಯವಿತ್ತು ಅನ್ನುವುದನ್ನು ಹೇಳುತ್ತದೆ.

ಆ ಹಕ್ಕಿನ ಬಲ ಸಣ್ಣದಾಗಿರಲಿಲ್ಲ. ಮುಂದೆ ಚಂಗಾಳ್ವರು ಶೈವರಾದರು. ಪಿರಿಯಾಪಟ್ಟಣ ಅವರ ರಾಜಧಾನಿಯಾಯಿತು, ಬೆಟ್ಟದಪುರದ ಮಲ್ಲಿಕಾರ್ಜುನ ಮನೆದೇವರಾದ. ಆದರೂ ಗುರುಪರಂಪರೆ ನಿಲ್ಲಲಿಲ್ಲ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ನಿಲ್ಲಿಸಿದ್ದು ಲಲಿತಕೀರ್ತಿಯ ಪ್ರೇರಣೆಯಿಂದ. ಆ ಗುರು ಪನಸೋಗೆ ಪರಂಪರೆಯವನು. ಈ ಪುಟ್ಟ ಊರಿನ ಹೆಸರು ಘಟ್ಟ ಇಳಿದು ತುಳುನಾಡು ಸೇರಿತ್ತು.

ಹೋಗುವವರಿಗೆ ಎರಡು ಮಾತು. ಪನಸೋಗೆ, ಹನಸೋಗೆ ಬೇರೆ ಬೇರೆ ಊರಲ್ಲ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ ಇದು. 1898ರ ಎಪಿಗ್ರಾಫಿಯಾ ಕರ್ನಾಟಿಕಾ 4ನೇ ಸಂಪುಟದಲ್ಲಿ ಕೆ.ಆರ್. ನಗರ ಅಂತ ಹುಡುಕಬೇಡಿ, ಸಿಗಲ್ಲ. ಎಡತೊರೆ ತಾಲ್ಲೂಕು ನೋಡಿ. ಪಿರಿಯಾಪಟ್ಟಣದ್ದು ಬೇಕಾದರೆ ಹುಣಸೂರು ನೋಡಿ.

ಇನ್ನು ಕಲ್ಲಿನ ಮುಂದೆ ನಿಂತಾಗ: ನೆತ್ತಿ ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ ಅಂತ ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ ಸವರಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಅಕ್ಷರ ತಾನಾಗಿ ಏಳುತ್ತದೆ. 64 ಅನ್ನುವ ಸಂಖ್ಯೆ ನಮಗೆ ಉಳಿದಿರುವುದು ಬರಹದಲ್ಲಿ ಮಾತ್ರ. ಆ ಬರಹವೂ ಸವೆದರೆ ಹನಸೋಗೆಗೆ ಬೇರೆ ಮೂಲಪತ್ರ ಇಲ್ಲ.